ಓಡಿಕೆ (ODK) ಕಲೆಕ್ಟ್: ಮನೆಮನೆ ಸರ್ವೆಗೆ ನಂಬಬಹುದಾದ ಆಪ್

ಮಕ್ಕಳ ಲಸಿಕೆ ಸರ್ವೆಗೆ ನಾನು ಫೋನಿನಲ್ಲೇ ಫಾರ್ಮ್ ತುಂಬುವ ಈ ಆಪ್ ಬಳಸಿದೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಯೋಜನೆಯಿದು. ಆಪ್ ಉಚಿತ.

ಮೊದಲು ಕಾಗದದ ಫಾರ್ಮ್ ತುಂಬುತ್ತಿದ್ದೆವು. ಅದು ಕಂಪ್ಯೂಟರ್‌ಗೆ ಏರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತಿದ್ದವು. ದಡಾರ ಅಷ್ಟು ದಿನ ಕಾಯುವುದಿಲ್ಲ, ಅಲ್ವಾ? ಈಗ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಬಹುದು, ಸಿಕ್ಕಾಗ ಕಳಿಸಿದರಾಯಿತು. ಒಮ್ಮೆ 10 ತಿಂಗಳ ಮಗುವಿನ ವಯಸ್ಸನ್ನು ತಪ್ಪಿ 100 ತಿಂಗಳು ಅಂತ ಒತ್ತಿದೆ. ಮುಂದಕ್ಕೆ ಬಿಡಲೇ ಇಲ್ಲ! ಆದರೆ ವಯಸ್ಸಿನ ಆ ಮಿತಿಯನ್ನು ಫಾರ್ಮ್ ಮಾಡುವವರೇ ಹಾಕಿರಬೇಕು. ಇಲ್ಲದಿದ್ದರೆ ಸುಮ್ನೆ ಒಪ್ಪಿಕೊಳ್ಳುತ್ತದೆ.

ಲಸಿಕೆ ಯಾಕೆ ಹಾಕಿಸಲಿಲ್ಲ ಎಂದು ಕೇಳಿದಾಗ ಒಬ್ಬ ತಾಯಿ, "ಆ ದಿನದ ಕೂಲಿ ಹೋಗುತ್ತದೆ" ಎಂದರು. ನಮ್ಮ ಪಟ್ಟಿಯಲ್ಲಿ ಆ ಉತ್ತರವೇ ಇರಲಿಲ್ಲ. ಸಂಜೆ ತಂಡಕ್ಕೆ ಹೇಳಿದೆ, ಬೆಳಿಗ್ಗೆ ಹೊಸ ಫಾರ್ಮ್ ಎಲ್ಲರ ಫೋನಿನಲ್ಲಿತ್ತು. ವಾರದೊಳಗೆ ಅದೇ ಉತ್ತರ ಜಾಸ್ತಿ ಬಂತು. ಸಂಜೆ ಹೊತ್ತು ಲಸಿಕೆ ಹಾಕಿ ಎಂದು ಕೇಳಲು ನಮಗೆ ಆಧಾರ ಸಿಕ್ಕಿತು.