ವಲಸಿಗರ ಸಭೆಯ ಮಾತು ಬರೆದಿಡಲು ಎಲಾನ್

ವಲಸೆ ಹೋದವರು ಎರಡು ದೇಶಗಳ ರಾಜಕೀಯದಲ್ಲಿ ಹೇಗೆ ತೊಡಗುತ್ತಾರೆ ಅನ್ನೋದು ನನ್ನ ಅಧ್ಯಯನದ ವಿಷಯ. ಸಾಮಾಜಿಕ ಮಾನವಶಾಸ್ತ್ರ ಅಂದರೆ ಬರೀ ಊರೂರು ತಿರುಗುವುದು ಅಂದುಕೊಳ್ಳುವವರು ಜಾಸ್ತಿ. ನಿಜವಾಗಿ ಹೆಚ್ಚು ಹೊತ್ತು ಹಿಡಿಯುವುದು ರೆಕಾರ್ಡಿಂಗ್ ಕೇಳಿ ಬರೆಯುವ ಕೆಲಸ. ಅದಕ್ಕೆ ನಾನು ಬಳಸುವುದು ಎಲಾನ್ (ELAN). ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಭಾಷಾ ಸಂಶೋಧಕರಿಗಾಗಿ ತಯಾರಾದ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಹೊರದೇಶದಲ್ಲಿರುವ ನಾಗರಿಕರ ಮತಕ್ಕೆ ಈಗ ಬೆಲೆ ಬಂದಿದೆ. ಇಟಲಿಯಲ್ಲಿ 2006ರ ಚುನಾವಣೆಯಿಂದ ಅವರಿಗಾಗಿಯೇ ಸಂಸತ್ತಿನ ಎರಡೂ ಸದನಗಳಲ್ಲಿ ಸೀಟುಗಳಿವೆ. ಮೊದಲು ಕೆಳಮನೆಯಲ್ಲಿ 12, ಮೇಲ್ಮನೆಯಲ್ಲಿ 6 ಇದ್ದವು, 2020ರ ಜನಮತಗಣನೆ ಆದಮೇಲೆ 8 ಮತ್ತು 4ಕ್ಕೆ ಇಳಿದವು. ಮತ ಇದ್ದಲ್ಲಿಗೆ ಪಕ್ಷಗಳು ಬರಲೇಬೇಕಲ್ವಾ? ವಲಸಿಗರ ಸಂಘದ ಸಭೆಗೆ ನಾಯಕರು ಬರುತ್ತಾರೆ. ಎರಡು ಮೂರು ಭಾಷೆ ಬೆರೆಯುತ್ತವೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಎಲಾನ್‌ನ ನಿಜವಾದ ಶಕ್ತಿ ಕಾಣುವುದು ಇಲ್ಲೇ. ಪರದೆಯ ಮೇಲೆ ಧ್ವನಿಯ ಅಲೆ, ಅದರ ಕೆಳಗೆ ಮಾತಾಡಿದ ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಅನುವಾದಕ್ಕೆ ಬೇರೆ ಸಾಲು ಹಾಕಿಕೊಳ್ಳಬಹುದು. ಒಂದು ಸಭೆಯಲ್ಲಿ ಅಧ್ಯಕ್ಷರು ಊರಿನ ಶಾಲೆಗೆ ಕಳಿಸಿದ ಹಣದ ಲೆಕ್ಕ ಓದುತ್ತಿದ್ದರು. ಹಿಂದೆ ಕೂತಿದ್ದ ಒಬ್ಬ ಹೆಂಗಸು, ಮನೆಗೆಲಸ ಮಾಡುವವರು, ಮೆಲ್ಲಗೆ ಕೇಳಿದರು: "ಆ ಹಣ ಯಾರ ಕೈ ಸೇರಿತು?" ಎಲಾನ್‌ಗೂ ಮುಂಚೆ ಈ ರೆಕಾರ್ಡಿಂಗ್‌ಗೆ ನಾನು ಬಳಸಿದ್ದ, ಧ್ವನಿಯನ್ನು ತಾನೇ ಬರಹಕ್ಕಿಳಿಸುವ ಒಂದು ಸೇವೆ ಈ ಪ್ರಶ್ನೆಯನ್ನು ಪೂರ್ತಿ ನುಂಗಿ, ಅಧ್ಯಕ್ಷರ ಮಾತನ್ನಷ್ಟೇ ಕೊಟ್ಟಿತ್ತು. ಎಲಾನ್‌ನಲ್ಲಿ ಆ ಹೆಂಗಸಿನ ಪ್ರಶ್ನೆಯನ್ನು ಅವರದೇ ಸಾಲಿನಲ್ಲಿ ಬರೆದಾಗ, ಅಧ್ಯಕ್ಷರು ಆ ಕ್ಷಣದಲ್ಲೇ ಭಾಷೆ ಬದಲಿಸಿದ್ದು ಕಣ್ಣಿಗೆ ಬಿತ್ತು. ನನ್ನ ಅಧ್ಯಯನಕ್ಕೆ ಇಡೀ ಭಾಷಣಕ್ಕಿಂತ ಅದೇ ಮುಖ್ಯ.

ಇನ್ನೊಂದು ಕಾರಣಕ್ಕೂ ಇದು ನನಗೆ ಬೇಕೇ ಬೇಕು. ಕೆಲಸ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ, ಧ್ವನಿ ನನ್ನ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಆ ದೇಶದಲ್ಲಿರಲು ಕಾಗದಪತ್ರ ಇಲ್ಲದ ವಲಸಿಗರು ನನ್ನನ್ನು ನಂಬಿ ಮಾತಾಡಿರುತ್ತಾರೆ. ಅವರ ದನಿಯನ್ನು ಎಲ್ಲೋ ಇರುವ ಸರ್ವರ್‌ಗೆ ಸುಮ್ನೆ ಕಳಿಸುವುದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಕಲಿಯಲು ಸಮಯ ಬೇಕು. ಮೆನುಗಳು ತುಂಬಾ ಇವೆ, ಬರೆಯುವ ಕೆಲಸವೂ ನಿಧಾನ. ಒಬ್ಬರೇ ಕೂತು ಮಾತಾಡಿದ ಸಂದರ್ಶನಕ್ಕೆ ಇಷ್ಟೆಲ್ಲ ಬೇಡ, ಸಾದಾ ವರ್ಡ್ ಫೈಲ್ ಸಾಕು. ನಾಲ್ಕು ಜನ ಒಟ್ಟಿಗೆ ಮಾತಾಡುವ ರೆಕಾರ್ಡಿಂಗ್ ಇದ್ದರೆ ಮಾತ್ರ ಕಲಿಯಿರಿ, ಮೊದಲು ಹತ್ತು ನಿಮಿಷದ ತುಣುಕಿನಿಂದ ಶುರು ಮಾಡಿ.