ಸೈಕಲ್ ಪಾರ್ಸೆಲ್‌ನವರ ಗೋಡೌನು ಪೇಟೆಯೊಳಗೆ ಬಂದ ಮೇಲೆ

ನಾನು ಹಾಸನದ ವಿದ್ಯಾನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಲೈನಿಂಗ್, ಫಾಲ್ಸ್, ಕುಚ್ಚಿನ ದಾರ ಎಲ್ಲ ಪೇಟೆಯಿಂದ ಬರಬೇಕು. ಹೊಲಿದದ್ದು ಊರಿನ ನಾಲ್ಕು ಮೂಲೆಗೂ ಹೋಗಬೇಕು. ಆಟೋಗೆ ಕೊಟ್ಟರೆ ಬ್ಲೌಸಿನ ಲಾಭವೆಲ್ಲ ಅದಕ್ಕೇ ಸರಿ. ಮಗನ ಕೈಗೆ ಕೊಟ್ಟರೆ ಅವನ ಗಾಡಿ ಡಿಕ್ಕಿಯಲ್ಲೇ ಎರಡು ದಿನ ಮಲಗಿರುತ್ತದೆ. ಹಾಗಾಗಿ ಒಂದೂವರೆ ವರ್ಷದಿಂದ ಸೈಕಲ್ ಪಾರ್ಸೆಲ್‌ನವರಿಗೆ ಕೊಡುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ, ಮುಂದೆ ಸ್ವಲ್ಪ ಬೈಯೋದೂ ಇದೆ.

ಸೈಕಲ್ ಅಂದರೆ ಉದ್ದನೆಯದು. ಹ್ಯಾಂಡಲ್‌ಗೂ ಮುಂದಿನ ಚಕ್ರಕ್ಕೂ ನಡುವೆ ಒಂದು ಮುಚ್ಚಳದ ಪೆಟ್ಟಿಗೆ. ಪೆಡಲ್ ತುಳಿದರೆ ಬ್ಯಾಟರಿ ಮೋಟರು ಕೈಜೋಡಿಸುತ್ತದೆ. ಮೋಟರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಬ್ಯಾಟರಿ ಬಿಟ್ಟು ಸೈಕಲ್ ತೂಕ 60 ಕೆ.ಜಿ. ಒಳಗೆ ಇದ್ದರೆ ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ಓಡಿಸುವ ಹುಡುಗರಿಗೆ ಅದೇ ಖುಷಿ.

ಶುರುವಿನಲ್ಲಿ ಇವರ ಗೋಡೌನು ಊರಾಚೆ, ಬೈಪಾಸ್ ಕಡೆ ಇತ್ತು. ಬಾಡಿಗೆ ಕಡಿಮೆ, ಲಾರಿ ತಿರುಗಿಸಲು ಬೇಕಾದಷ್ಟು ಜಾಗ. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಒಂದು ಸಂಜೆ ನಾಲ್ಕಕ್ಕೆ ತಲುಪಬೇಕಿದ್ದ ಸೀಮಂತದ ಬ್ಲೌಸ್ ತಲುಪಿದ್ದು ಏಳಕ್ಕೆ. ಆ ಹುಡುಗಿ ಹಳೇ ಬ್ಲೌಸ್ ಹಾಕಿಕೊಂಡು ಆರತಿಗೆ ಕೂತಿದ್ದಳು. ಅವಳ ಅತ್ತೆ ನನಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮರುದಿನ ಆ ಹುಡುಗನನ್ನು ನಿಲ್ಲಿಸಿ ಕೇಳಿದೆ, "ಏನಪ್ಪಾ, ಎಲ್ಲಿ ಹೋಗಿದ್ದೆ?"

"ಅಕ್ಕಾ, ಬ್ಯಾಟರಿ ಹೋಯ್ತು. ಸಾಲಗಾಮೆ ರಸ್ತೇಲಿ ತಳ್ಕೊಂಡೇ ಬಂದೆ."

ಆಮೇಲೆ ಅವನೇ ಲೆಕ್ಕ ಹೇಳಿದ. ಪೆಟ್ಟಿಗೆಗೆ ಮೂವತ್ತು ಪಾರ್ಸೆಲ್ ಹಿಡಿದರೆ ಹೆಚ್ಚು. ವ್ಯಾನಿನವರ ಹಾಗೆ ಬೆಳಗ್ಗೆ ಒಂದು ಸಲ ತುಂಬಿಕೊಂಡು ಸಂಜೆವರೆಗೂ ಸುತ್ತುವುದಲ್ಲ, ದಿನಕ್ಕೆ ನಾಲ್ಕು ಸಲ ಗೋಡೌನಿಗೆ ವಾಪಸ್ ಹೋಗಬೇಕು. ಗೋಡೌನಿಂದ ಪೇಟೆಗೆ ನಾಲ್ಕು ಕಿಲೋಮೀಟರ್. ಹೋಗಿ ಬರಲು ಎಂಟು, ನಾಲ್ಕು ಸಲಕ್ಕೆ ಮೂವತ್ತೆರಡು. ಒಂದು ಪಾರ್ಸೆಲ್ಲೂ ಕೊಡದೆ ಸುಮ್ನೆ ದಾರಿಯಲ್ಲೇ ಕಳೆದುಹೋಗುವ ಮೂವತ್ತೆರಡು ಕಿಲೋಮೀಟರ್! ಬಾಡಿಗೆಯಲ್ಲಿ ಉಳಿಸಿದ್ದಕ್ಕೆ ಇವನ ಕಾಲು ಬೆಲೆ ತೆರುತ್ತಿತ್ತು.

ಮಳೆಗಾಲಕ್ಕೆ ಮೊದಲು ಅವರಿಗೇ ಬುದ್ಧಿ ಬಂತು. ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ಎರಡು ಶಟರ್‌ನ ಹಳೇ ಅಂಗಡಿ ಹಿಡಿದರು. ಜಾಗ ಅರ್ಧ, ಬಾಡಿಗೆ ಜಾಸ್ತಿ. ನಾನು ಹೋಗಿ ನೋಡಿದೆ. ಬಾಗಿಲ ಮುಂದಿನ ಮೆಟ್ಟಿಲಿಗೆ ಸಿಮೆಂಟ್ ಹಾಕಿ ಇಳಿಜಾರು ಮಾಡಿದ್ದಾರೆ, ತುಂಬಿದ ಸೈಕಲ್ ಹಾಗೇ ಉರುಳಿಕೊಂಡು ಈಚೆ ಬರುತ್ತದೆ. ಬಟ್ಟೆ ನೋಡಿ ಹೊಲಿಗೆ ಹೇಳುವವಳು ನಾನು. ಈ ಕೆಲಸ ಯಾರೋ ಯೋಚಿಸಿ ಮಾಡಿದ್ದು ಅಂತ ಆ ಸಿಮೆಂಟ್ ನೋಡಿದ ಕೂಡಲೇ ಅನ್ನಿಸಿತು. ಬೆಳಗ್ಗೆ ಅಲ್ಲಿ ತರಕಾರಿ ಗಾಡಿಗಳ ಗಲಾಟೆ, ಕಾಲಿಡಲೂ ಆಗದು. ಅದಕ್ಕೇ ಲಾರಿ ಸರಕನ್ನು ಸಣ್ಣ ಗಾಡಿಯಲ್ಲಿ ರಾತ್ರಿಯೇ ತಂದು ಇಳಿಸಿಬಿಡುತ್ತಾರೆ. ಈಗ ಪೇಟೆಯಿಂದ ಹೇಳಿದ ಲೈನಿಂಗ್ ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ನನ್ನ ಮನೆ ಬಾಗಿಲಲ್ಲಿ.

ಒಂದೇ ತಕರಾರು, ಪಕ್ಕದಲ್ಲಿ ಬೆಳ್ಳುಳ್ಳಿ ಮಂಡಿ. ಪಾರ್ಸೆಲ್ ಬಿಚ್ಚಿದರೆ ಕಾಟನ್ ಲೈನಿಂಗ್ ಒಗ್ಗರಣೆ ಹಾಕಿದ ಹಾಗೆ ಘಮ್ ಅನ್ನುತ್ತದೆ.

ತಮ್ಮನ ಮಗ ಜರ್ಮನಿಯಲ್ಲಿದ್ದಾನೆ. ಇದನ್ನೆಲ್ಲ ಹೇಳಿದರೆ ನಕ್ಕ. ಹ್ಯಾಂಬರ್ಗ್‌ನಲ್ಲಿ ಯುಪಿಎಸ್ ಅನ್ನೋ ಪಾರ್ಸೆಲ್ ಕಂಪನಿಯವರು 2012ರಲ್ಲೇ ಪೇಟೆ ನಡುವೆ ಕಂಟೇನರ್ ತಂದು ನಿಲ್ಲಿಸಿ, ಅಲ್ಲಿಂದ ಸೈಕಲ್‌ನಲ್ಲಿ ಹಂಚಲು ಶುರು ಮಾಡಿದರಂತೆ. ಬರ್ಲಿನ್‌ನಲ್ಲಿ 2018ರಲ್ಲಿ ಐದು ಪಾರ್ಸೆಲ್ ಕಂಪನಿಗಳು ಒಂದೇ ಜಾಗ ಹಂಚಿಕೊಂಡವಂತೆ. ನಮ್ಮ ಬೀದಿಗೆ ಒಂದೇ ಬೆಳಗ್ಗೆ ನಾಲ್ಕು ಕಂಪನಿಯ ನಾಲ್ಕು ಗಾಡಿ ಬರುತ್ತವೆ. ಇವರೂ ಹಾಗೆ ಬಾಡಿಗೆ ಹಂಚಿಕೊಳ್ಳಬಾರದಾ?

ಇನ್ನು ಬೈಯುವ ವಿಷಯ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ತೆಗೆದರೆ ದೀಪಾವಳಿ ಮುಗಿಯುವವರೆಗೂ ಪೇಟೆ ತುಂಬ ಜನವೋ ಜನ. ನನಗೂ ಬ್ಲೌಸಿನ ಸುಗ್ಗಿ ಆಗಲೇ. ಹೋದ ಸಲ ಗೋಡೌನಿನ ಗಲ್ಲಿಯ ಬಾಯಿಗೇ ಬ್ಯಾರಿಕೇಡ್ ಬಿತ್ತು. ಸೈಕಲ್ ಒಳಗೆ, ನನ್ನ ಹನ್ನೊಂದು ಬ್ಲೌಸೂ ಒಳಗೆ. ಎರಡು ದಿನ! ಕೊನೆಗೆ ನಾನೇ ನಡೆದು ಹೋಗಿ, ದರ್ಶನಕ್ಕೆ ಬಂದವರ ಮಧ್ಯೆ ಚೀಲ ತಲೆ ಮೇಲೆ ಹೊತ್ತು ತಂದೆ. ಹಾಸನದಲ್ಲಿ ಗೋಡೌನು ಹುಡುಕುವವರಿಗೆ ಇದು ಹೊಳೆಯಲಿಲ್ಲವೇ? ಆ ದಿನಗಳ ಮಟ್ಟಿಗೆ ಸಾಲಗಾಮೆ ರಸ್ತೆ ಕಡೆ ಒಂದು ವ್ಯಾನ್ ನಿಲ್ಲಿಸಿಕೊಂಡು ಅಲ್ಲಿಂದ ಹಂಚಿದ್ದರೂ ಸಾಕಿತ್ತು. ಹೇಳಿದೆ. "ಮುಂದಿನ್ ಸಲ ನೋಡೋಣ ಅಕ್ಕ" ಅಂದರು.

ಇವರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈ ಸಲ ಆ ಗುರುವಾರಕ್ಕೆ ಮೊದಲೇ, ಬುಧವಾರ ಸಂಜೆಯೊಳಗೆ ಎಲ್ಲ ಬ್ಲೌಸೂ ಕಳಿಸಿಬಿಡಬೇಕು ಅಂತ ಕೂತಿದ್ದೇನೆ. ರೇಷ್ಮೆಯದಕ್ಕೆ ಮಾತ್ರ ಎರಡೆರಡು ಕವರ್, ಬೆಳ್ಳುಳ್ಳಿ ಸಲುವಾಗಿ.