ಬರ್ಗರ್ ಜೊತೆ ಬಂದ ಬೇಸ್‌ಬಾಲ್ ಕಾರ್ಡುಗಳು: ಯಾಂಕೀಸ್ ಕೈಕೊಟ್ಟಿತು, ಟೈಗರ್ಸ್ ಕೈಹಿಡಿಯಿತು

ಲಕೋಟೆ ಒಡೆದು ಮೇಲಿನ ಕಾರ್ಡನ್ನು ಮಗುಚಿದೆ. ಹಿಂದೆ 170 ಅಂತಿತ್ತು. ಟೋಪಿ ಬಿದ್ದಿದೆ ಅಂತ ಅಲ್ಲೇ ಗೊತ್ತಾಯಿತು.

ನಾನು ದುಡ್ಡು ಕೊಟ್ಟಿದ್ದು ಬರ್ಗರ್ ಕಿಂಗ್ ಹೋಟೆಲಿನ 1977ರ ಯಾಂಕೀಸ್ ಕಾರ್ಡುಗಳಿಗೆ, ಅಂದರೆ ನ್ಯೂಯಾರ್ಕಿನ ಬೇಸ್‌ಬಾಲ್ ತಂಡದ ಆಟಗಾರರ ಫೋಟೋ ಇರುವವು. ಆ ವರ್ಷ ನ್ಯೂಯಾರ್ಕ್ ಕಡೆಯ ಗಿರಾಕಿಗಳಿಗೆ ಹಂಚಿದ್ದು. ಅಚ್ಚು ಹಾಕಿದ್ದು ಟಾಪ್ಸ್ ಕಂಪನಿ, ತಾಪತ್ರಯ ಇರುವುದೂ ಅಲ್ಲೇ. ಅದೇ ಟಾಪ್ಸ್ ಅದೇ ವರ್ಷ ಗಮ್ ಜೊತೆ ಮಾರಿದ 660 ಕಾರ್ಡಿನ ಮಾಮೂಲಿ ಸೆಟ್‌ನ ವಿನ್ಯಾಸವನ್ನೇ ಇದಕ್ಕೂ ಬಳಸಿತು. ಆಟಗಾರರ ಕಾರ್ಡುಗಳ ಮೇಲೆ ಬರ್ಗರ್ ಕಿಂಗ್ ಹೆಸರಿಲ್ಲ. ಮುಂದಿನಿಂದ ನೋಡಿದರೆ ಹೆಚ್ಚಿನವು ಅವಳಿ ಮಕ್ಕಳು. ಹಿಂದಿನ ಸಂಖ್ಯೆಯೊಂದೇ ಗುರುತು: ಬರ್ಗರ್ ಕಿಂಗ್‌ನದಾದರೆ 1ರಿಂದ 23ರ ಒಳಗೆ ಇರಬೇಕು. ನನ್ನ ಕೈಲಿದ್ದ ಯಾಂಕೀಸ್ ಆಟಗಾರ ಥರ್ಮನ್ ಮನ್ಸನ್‌ನ ಕಾರ್ಡು, ರದ್ದಿ ಡಬ್ಬಿಯಲ್ಲಿ ಸಿಗುವಂಥ ಮಾಮೂಲಿ 170.

ಇದಕ್ಕೂ ಒಂದು ಅಪವಾದ ಇದೆ ನೋಡಿ. ರೆಜ್ಜಿ ಜಾಕ್ಸನ್‌ನ ಮಾಮೂಲಿ ಕಾರ್ಡಿನ ಸಂಖ್ಯೆಯೇ 10! ಅಲ್ಲಿ ಸಂಖ್ಯೆ ನಂಬಿದರೆ ಕೆಟ್ಟಿರಿ, ಚಿತ್ರ ನೋಡಬೇಕು. 1976ರಲ್ಲಿ ಓರಿಯೋಲ್ಸ್ ತಂಡಕ್ಕೆ ಆಡಿದ ರೆಜ್ಜಿ ಆ ವರ್ಷದ ಕೊನೆಗೆ ಯಾಂಕೀಸ್ ಸೇರಿದ. ಹೊಸ ಫೋಟೋ ಇರಲಿಲ್ಲವೆಂದು ಟಾಪ್ಸ್‌ನವರು ಹಳೆಯದರ ಮೇಲೇ ಯಾಂಕೀಸ್ ಬಣ್ಣ ಬಳಿದರು. ಅಕ್ಷರಶಃ ಟೋಪಿ ಹಾಕಿದರು. ಬರ್ಗರ್ ಕಿಂಗ್ ಕಾರ್ಡಿನಲ್ಲಿರುವುದು ನಿಜವಾದ ಯಾಂಕೀಸ್ ಉಡುಪು.

ಮಾರಿದವನಿಗೆ ಬರೆದೆ. "1977ರದ್ದೇ ಅಲ್ಲವೇ, ಯಾಂಕೀಸ್‌ದೇ ಅಲ್ಲವೇ" ಎಂದು ಉತ್ತರ ಬಂತು. ಮೂರು ವಾರ ಗುದ್ದಾಡಿದ ಮೇಲೆ ಅರ್ಧ ದುಡ್ಡು ವಾಪಸ್. ಮನೆಯಾಕೆ, "ಅಲ್ಲಾ ರೀ, ಆ ದುಡ್ಡಿಗೆ ಬರ್ಗರ್ರೇ ತಿಂದಿದ್ರೆ ಹೊಟ್ಟೆನಾದ್ರೂ ತುಂಬ್ತಿತ್ತು" ಅಂದಳು. ಜನ್ಮದಲ್ಲಿ ಬರ್ಗರ್ ಮುಟ್ಟದವನಿಗೆ ಹೇಳುವ ಮಾತಾ ಇದು!

ಆಮೇಲೂ ಬುದ್ಧಿ ಬರದೆ ಅಸಲಿ ಯಾಂಕೀಸ್ ಸೆಟ್ ಕಟ್ಟಲು ಹೊರಟೆ. 22 ಹೇಗೋ ಆಗುತ್ತವೆ. 23ನೆಯದು ಲೂ ಪಿನಿಯೆಲ್ಲಾ, ತಡವಾಗಿ ಸೇರಿಸಿ ಕಡಿಮೆ ಅಚ್ಚು ಹಾಕಿದ ಕಾರ್ಡ್. ಅದೊಂದರ ಬೆಲೆ ಕೇಳಿ ಫೈಲು ಮುಚ್ಚಿಟ್ಟೆ. ನನ್ನ ಲೆಕ್ಕ ತಿಂಗಳಿಗೆ 40 ಡಾಲರ್, ಅದರ ಮೇಲೆ ಒಂದು ಕಾಸಿಲ್ಲ.

ಈಗ ನನ್ನ ಮೆಚ್ಚಿನದು: 1978ರ ಬರ್ಗರ್ ಕಿಂಗ್ ಟೈಗರ್ಸ್, ಡೆಟ್ರಾಯ್ಟ್ ತಂಡದ ಸೆಟ್. ಮ್ಯಾನೇಜರ್ ಸೇರಿ 22 ಜನ, ಜೊತೆಗೊಂದು ಹೆಸರುಗಳ ಪಟ್ಟಿಯ ಕಾರ್ಡ್. ಇದೂ ಟಾಪ್ಸ್‌ನದೇ, ಅವಳಿ ಸಮಸ್ಯೆ ಇಲ್ಲೂ ಇದೆ. ಆದರೆ ಮುಖ್ಯವಾದ ಮೂರು ಕಾರ್ಡಿಗೆ ಅವಳಿಯೇ ಇಲ್ಲ. ಆ ವರ್ಷದ ಮಾಮೂಲಿ ಸೆಟ್‌ನಲ್ಲಿ ಅಲನ್ ಟ್ರಾಮೆಲ್ ಸಿಗುವುದು 707ನೇ ಕಾರ್ಡಿನಲ್ಲಿ, ಇನ್ನೂ ಮೂವರ ಜೊತೆ, ಪಾಸ್‌ಪೋರ್ಟ್ ಫೋಟೋದಷ್ಟು ಮುಖ. ಲೂ ವಿಟೇಕರ್, ಜ್ಯಾಕ್ ಮಾರಿಸ್ ಕಥೆಯೂ ಅಷ್ಟೇ. ಬರ್ಗರ್ ಕಿಂಗ್ ಸೆಟ್‌ನಲ್ಲಿ ಮೂವರಿಗೂ ಒಂದೊಂದು ಪೂರ್ತಿ ಕಾರ್ಡ್. ಟ್ರಾಮೆಲ್ 15, ವಿಟೇಕರ್ 13. ಮೈದಾನದಲ್ಲಿ 19 ಸೀಸನ್ ಜೋಡಿಯಾಗಿ ಆಡಿದವರು. ಟ್ರಾಮೆಲ್, ಮಾರಿಸ್ 2018ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ವಿಟೇಕರ್‌ನನ್ನು ಹೊರಗೇ ನಿಲ್ಲಿಸಿದ್ದಾರೆ ಅಂತ ಡೆಟ್ರಾಯ್ಟ್‌ನಲ್ಲಿ ಯಾರನ್ನು ಕೆಣಕಿದರೂ ಅರ್ಧ ಗಂಟೆ ಬೈಗುಳ ಕೇಳಬಹುದು.

ಅದೇ ಊರಿನ ಪಕ್ಕದಲ್ಲಿ 18 ವರ್ಷ ಕಳೆದವನು ನಾನು. ಗ್ಯಾರೇಜ್ ಸೇಲ್‌ಗಳಲ್ಲಿ ಟೈಗರ್ಸ್ ಕಾರ್ಡು ಈಗಲೂ ಸಿಗುತ್ತವೆ. ಅಂಚೆ ಖರ್ಚಿಲ್ಲ, ಹಿಂಭಾಗವನ್ನು ಕೈಯಾರೆ ಮಗುಚಿ ನೋಡಬಹುದು. ನನ್ನ ಟ್ರಾಮೆಲ್ ಸಿಕ್ಕಿದ್ದು ಹಾಗೆ. ಮೇಲಂಚಿನಲ್ಲಿ ರಬ್ಬರ್ ಬ್ಯಾಂಡ್ ಕಚ್ಚಿದ ಗುರುತು, ಮೂಲೆಯಲ್ಲಿ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಎಣ್ಣೆ ಹೀರಿದ ಕಲೆ. ಯಾರೋ ಹುಡುಗ ಫ್ರೆಂಚ್ ಫ್ರೈಸ್ ಮುಟ್ಟಿದ ಬೆರಳಲ್ಲೇ ಹಿಡಿದಿರಬೇಕು. ಇಂಥದ್ದಕ್ಕೆ ಬೆಲೆ ಇಳಿಯುತ್ತದೆ, ನನಗಂತೂ ಇಳಿಯಲಿ ಅಂತಲೇ ಆಸೆ.

ಬರ್ಗರ್ ಶೆಫ್ ಎಂಬ ಇನ್ನೊಂದು ಹೋಟೆಲಿನ 1977ರ ಬೇಸ್‌ಬಾಲ್ ಬಿಲ್ಲೆಗಳನ್ನೂ ತಂದು ನೋಡಿದೆ. ಫನ್‌ಮೀಲ್ ಎಂಬ ಮಕ್ಕಳ ಊಟದ ಟ್ರೇಯ ರಟ್ಟಿನಲ್ಲೇ ಇರುತ್ತಿದ್ದವು, ಒತ್ತಿ ಬಿಡಿಸಿಕೊಳ್ಳಬೇಕು. ದುಂಡಗಿರುವುದರಿಂದ ಕಾರ್ಡು ಇಡುವ ನನ್ನ ಒಂಬತ್ತು ಜೇಬಿನ ಹಾಳೆಯೊಳಗೆ ನೆಟ್ಟಗೆ ಕೂರುವುದಿಲ್ಲ. ಪುಟ ತಿರುಗಿಸಿದರೆ ಆಟಗಾರ ತಲೆಕೆಳಗು. ಟೋಪಿಯ ಮೇಲೆ ತಂಡದ ಲಾಂಛನವೂ ಇಲ್ಲ, ಅಳಿಸಿದ್ದಾರೆ.

ಡೆನ್ನೀಸ್ ಹೋಟೆಲಿನ 1991ರ ಹೊಳೆಯುವ ಹಾಲೊಗ್ರಾಮ್ ಕಾರ್ಡುಗಳು, ತಂಡಕ್ಕೊಂದರಂತೆ 26: ಮಗಳಿಗೆ ಇಷ್ಟವಾಯಿತು, ಅವಳಿಗೇ ಕೊಟ್ಟೆ. ಬೆರಳಚ್ಚು ಒರೆಸುವ ವ್ಯವಧಾನ ನನಗಿಲ್ಲ.

ಹೆಸರು, ಮರುಮಾರಾಟ ಬೇಕೆನ್ನುವವರು ಯಾಂಕೀಸ್ ಹಿಂದೆ ಹೋಗಲಿ, ಹಿಂಭಾಗದ ಫೋಟೋ ಕೇಳದೆ ಮಾತ್ರ ದುಡ್ಡು ಕಳಿಸಬೇಡಿ. ನನ್ನ ಟೈಗರ್ಸ್ ಸೆಟ್ ಮುಗಿಯಲು ಬಾಕಿ ಇರುವುದು 22ನೆಯ ಕಾರ್ಡ್, ರಸ್ಟಿ ಸ್ಟಾಬ್. ನಿಮ್ಮ ಹತ್ತಿರ ಎರಡಿದ್ದರೆ ಒಂದು ಕೊಡಿ. ಎಣ್ಣೆ ಕಲೆ ಇದ್ದರೂ ನಡೆಯುತ್ತೆ.